ಹಿಂದಿನ ಸೀಟಿನ ದನಿ

ಎರಡು ವರ್ಷದ ಹಿಂದಿನ ಮಾತು. ಆಗ ನಾಯಂಡಹಳ್ಳಿಯಲ್ಲಿ ನನ್ನದು ಕಾರ್ ಸ್ಟೀರಿಯೋ ರಿಪೇರಿ ಅಂಗಡಿ. ದೆವ್ವ, ಭೂತ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲು ವೈರು ನೋಡಿ ಮಾತಾಡಿ ಎಂದು ಬೈದು ಕಳಿಸುತ್ತಿದ್ದೆ.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಕುರುಬರಹಳ್ಳಿಯಿಂದ ಟ್ಯಾಕ್ಸಿಯೊಂದು ಬಂತು. ಅದರಲ್ಲಿ ಸುಮಿತ್ರಾ ಎಂಬಾಕೆ, ಆಕೆಯ ಪುಟ್ಟ ಮಗಳು, ಮೈದುನ ಶಂಕರ. ಗಾಡಿ ಆಕೆಯ ಗಂಡನದು. ಆತ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡ ಮೇಲೆ ಶಂಕರ ಓಡಿಸುತ್ತಿದ್ದ. ಮಗಳಿಗೆಂದು ಆತ ಹೇಳಿದ ಒಂದು ಕಥೆ ಸ್ಟೀರಿಯೋದ ಮೆಮೊರಿ ಕಾರ್ಡಿನಲ್ಲಿತ್ತು. ಅವನ ದನಿ ಉಳಿದಿದ್ದು ಅದೊಂದರಲ್ಲೇ. ಆಯುಧಪೂಜೆ ಆದಾಗಿನಿಂದ ಸ್ಟೀರಿಯೋ ‘ನೋ ಕಾರ್ಡ್’ ಎನ್ನುತ್ತಿತ್ತು. ಮೊಬೈಲ್ ಅಂಗಡಿಯಲ್ಲೂ ಕಾರ್ಡ್ ಓದಲಿಲ್ಲ. ಫಾರ್ಮ್ಯಾಟ್ ಮಾಡಿಬಿಡೋಣ, ಅಂದರೆ ಎಲ್ಲ ಅಳಿಸಿಬಿಡೋಣ ಎಂದರಂತೆ. ಆಕೆ ಕಾರ್ಡ್ ಕಿತ್ತುಕೊಂಡು ಬಂದಿದ್ದಳು.

ಶಂಕರ ನನ್ನನ್ನು ಪಕ್ಕಕ್ಕೆ ಕರೆದ. “ಸಾರ್, ಅತ್ತಿಗೆಗೆ ಹೇಳ್ಬೇಡಿ. ಒಬ್ನೇ ಓಡಿಸ್ತಿರ್ತೀನಿ, ಹಂಪ್ ಹತ್ತಿದ ತಕ್ಷಣ ಹಿಂದಿನ ಸೀಟಿಂದ ಅಣ್ಣ ‘ಮಲ್ಕೊಂಡ್ಯಾ?’ ಅಂತಾನೆ. ನಂಗಾಗಲ್ಲ, ಗಾಡಿ ಮಾರಿಬಿಡ್ತೀನಿ.”

ನಾನು ನಕ್ಕುಬಿಟ್ಟೆ. ಕಾರ್ಡ್ ಹಾಕಿ, ಗಾಡಿಯಲ್ಲಿ ಒಬ್ಬನೇ ಕೂತು, ಸ್ಟೀರಿಯೋವನ್ನು ಅದರ ಗೂಡಿನಿಂದ ಮೆಲ್ಲಗೆ ಎಳೆದೆ. ಸ್ಕ್ರೀನಿನಲ್ಲಿ ಇನ್ನೂ ‘ನೋ ಕಾರ್ಡ್’ ಎಂದೇ ಇತ್ತು. ಆಗ ನನ್ನ ಕತ್ತಿನ ಹಿಂದೆಯೇ ಯಾರೋ ಅಕ್ಕರೆಯಿಂದ ಕೇಳಿದರು: “ಮಲ್ಕೊಂಡ್ಯಾ?”

ಸ್ಕ್ರೂಡ್ರೈವರ್ ಕೈಜಾರಿತು. ಹಿಂದಿನ ಸೀಟು ಖಾಲಿ. ಹಾಡುಹಗಲು, ಹೊರಗೆ ಬಸ್ಸುಗಳ ಹಾರ್ನು. ಆದರೂ, ಸುಳ್ಳೇಕೆ ಹೇಳಲಿ, ಹೆದರಿದೆ.

ಆಮೇಲೆ ಕಾರ್ಡ್ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಅದರ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕೆಂಪಗೆ ಏನೋ ಒಣಗಿತ್ತು. ಕುಂಕುಮ. ಪೂಜೆಯ ದಿನ ಸುಮಿತ್ರಾಳ ಅತ್ತೆ ಅರಿಶಿನ ಕುಂಕುಮ ಕಲಸಿ ಗಾಡಿಗೆಲ್ಲ ಹಚ್ಚಿದ್ದರಂತೆ. ಮಗ ಮಾತಾಡುವ ಪೆಟ್ಟಿಗೆಯಲ್ಲವೇ, ಸ್ಟೀರಿಯೋಗೆ ಸ್ವಲ್ಪ ಜಾಸ್ತಿಯೇ ಹಚ್ಚಿದ್ದರಂತೆ. ಅದು ಇಳಿದು ಕಾರ್ಡಿನ ಮೇಲೆ ಕೂತಿತ್ತು. ಗಾಡಿ ಕುಲುಕಿದಾಗ ಒಂದು ಕ್ಷಣ ಕಾಂಟ್ಯಾಕ್ಟ್ ಸಿಗುತ್ತಿತ್ತು, ಕಥೆಯ ಮೊದಲ ಮಾತು ಬಂದು ನಿಲ್ಲುತ್ತಿತ್ತು. ಮಗಳು ಮಲಗುವುದು ಹಿಂದಿನ ಸೀಟಿನಲ್ಲಿ ಎಂದು ಆತ ದನಿಯನ್ನೆಲ್ಲ ಹಿಂದಿನ ಸ್ಪೀಕರಿಗೇ ತಿರುಗಿಸಿಟ್ಟಿದ್ದ.

ಪೆನ್ಸಿಲ್ ರಬ್ಬರಿನಿಂದ ಪಟ್ಟಿಗಳನ್ನು ಉಜ್ಜಿದೆ. ಕಂಪ್ಯೂಟರ್ ಕಾರ್ಡನ್ನು ಓದಿತು. ಮೊದಲು ಎಲ್ಲವನ್ನೂ ಕಾಪಿ ಮಾಡಿಕೊಂಡು, ಆಮೇಲೆ ಮೂವರನ್ನೂ ಒಳಗೆ ಕರೆದು ಕಥೆ ಹಾಕಿದೆ.

“ಮಲ್ಕೊಂಡ್ಯಾ?” ಎಂದು ಕೇಳಿ ದನಿ ಸುಮ್ಮನಾಯಿತು.

“ಇಲ್ಲ ಅಪ್ಪ,” ಎಂದಿತು ಅಮ್ಮನ ಪಕ್ಕ ನಿಂತಿದ್ದ ಮಗು.

“ಗೊತ್ತು ಕಣೇ ಕಳ್ಳಿ. ಸರಿ, ಕೇಳು,” ಎಂದಿತು ಕಾರ್ಡಿನ ದನಿ.

ಶಂಕರ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ. ಕಾರ್ಡನ್ನು ಮತ್ತೆ ಸ್ಟೀರಿಯೋಗೆ ಹಾಕಲೇ ಎಂದು ಸುಮಿತ್ರಾಳನ್ನು ಕೇಳಿದೆ. ಆಕೆ ಮೈದುನನನ್ನು ನೋಡಿ, “ಬೇಡ ಸಾರ್, ಮನೇಲಿ ಕೇಳ್ತೀವಿ. ಇವ್ನು ಗಾಡಿ ಓಡಿಸ್ಬೇಕಲ್ಲ,” ಎಂದಳು. ಗಾಡಿ ಮಾರುವ ಮಾತು ಅಲ್ಲಿಗೇ ನಿಂತಿತು.

ಕಾರ್ಡ್ ಓದದಿದ್ದರೆ ಫಾರ್ಮ್ಯಾಟ್ ಮಾಡು ಎಂದು ಈ ಕಸುಬಿನಲ್ಲಿ ಎಲ್ಲರೂ ಹೇಳಿಕೊಡುತ್ತಾರೆ. ಅಂದಿನಿಂದ ನಾನು ಆ ಬಟನ್ ಒತ್ತುವ ಮುಂಚೆ ಗಿರಾಕಿಯನ್ನು ಒಂದು ಮಾತು ಕೇಳುತ್ತೇನೆ: ಇದರೊಳಗೆ ಯಾರಿದ್ದಾರೆ?