ಅಂಚಿನಿಂದ ಒಂದೂವರೆ ಮೊಳ

ಗೊಟಗೋಡಿಯ ಲಕ್ಕಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದೂ ಸೈಕಲ್ಲಿನ ಮೇಲೆ ಕೂತಾಗ ಮಾತ್ರ. ಮನೆಯಲ್ಲಿ ಹೆಂಡತಿ ಹೊಳೆವ್ವ ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಮನುಷ್ಯ. ಶಿಗ್ಗಾಂವದ ಶೇಂಗಾ ಎಣ್ಣೆ ಗಿರಣಿಯಲ್ಲಿ ಮುಕಾದಮನ ಎದುರು ತಲೆ ಎತ್ತದ ಮನುಷ್ಯ. ಅಂಥವನು ಪುಣೆ-ಬೆಂಗಳೂರು ರಸ್ತೆಗೆ ಸೈಕಲ್ ಏರಿಸಿದನೆಂದರೆ ಬೇರೆಯೇ ಆಗಿಬಿಡುತ್ತಿದ್ದ. ಮನೆಯಿಂದ ಗಿರಣಿಗೆ ಮುಕ್ಕಾಲು ತಾಸಿನ ಹಾದಿ. ಎಪ್ಪತ್ತೊಂದನೇ ಇಸವಿಯಿಂದ ದಿನಕ್ಕೆ ಎರಡು ಸಲ ಅದೇ ಹಾದಿ ತುಳಿದವನು ಅವನು.

ಆಗಿನ ಆ ರಸ್ತೆ ಹೇಗಿತ್ತೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಎರಡು ಲಾರಿ ಎದುರುಬದುರಾದರೆ ಎರಡರದೂ ಒಂದೊಂದು ಗಾಲಿ ಮಣ್ಣಿಗಿಳಿಯಬೇಕು. ಡಾಂಬರು ಮುಗಿದಲ್ಲಿ ಗೇಣುದ್ದದ ಇಳಿತ, ಅದರಾಚೆ ಜಲ್ಲಿ, ಜಲ್ಲಿಯಾಚೆ ಜಾಲಿಕಂಟಿ. ಹಿಂದಿನಿಂದ ಹಾರ್ನ್ ಕೇಳಿದ ಕೂಡಲೇ ಸೈಕಲ್ಲಿನವನು ಕೆಳಗಿಳಿಯಬೇಕು ಅನ್ನುವುದು ಡ್ರೈವರುಗಳ ಕಾಯಿದೆ. ಇಳಿಯುವಾಗ ಗಾಲಿ ಅಂಚಿಗೆ ಸಿಕ್ಕಿ ಜಾರಿತೋ, ಬೀಳುವುದು ಲಾರಿಯ ಕಡೆಗೇ. ಹಾಗೆ ಬಿದ್ದು ಹೋದ ಮೂವರನ್ನು ಲಕ್ಕಪ್ಪ ಕಣ್ಣಾರೆ ಕಂಡಿದ್ದ.

ಅದಕ್ಕೇ ಅವನು ತನ್ನದೊಂದು ಕಾಯಿದೆ ಮಾಡಿಕೊಂಡಿದ್ದ. ಅಂಚಿನಿಂದ ಒಂದೂವರೆ ಮೊಳ ಒಳಗೆ, ನೆಟ್ಟಗೆ ಹೋಗಬೇಕು. ಹಾರ್ನ್ ಕೇಳಿದರೆ ಹೆದರಿ ಸರಿಯಬಾರದು. ಮೊದಲು ಬಲ ಹೆಗಲ ಮೇಲಿಂದ ಹೊರಳಿ ನೋಡಬೇಕು, ಡ್ರೈವರನಿಗೆ ನಮ್ಮ ಮುಖ ಕಾಣಬೇಕು. ಬೆನ್ನು ಕಂಡರೆ ಮೈಮೇಲೇ ಬರುತ್ತಾನೆ, ಮುಖ ಕಂಡರೆ ಬ್ರೇಕಿನ ಮೇಲೆ ಕಾಲಿಡುತ್ತಾನೆ. ಅವನು ಸಾವಕಾಶ ಆದಮೇಲೆ, ಮಣ್ಣು ಸಮ ಇರುವ ಜಾಗ ನೋಡಿ, ನಾವಾಗಿಯೇ ಇಳಿದು ದಾರಿ ಕೊಡಬೇಕು. ಇದನ್ನು ಲಕ್ಕಪ್ಪ ದಿನಾ ಜೊತೆಯಲ್ಲಿ ಬರುತ್ತಿದ್ದ ಮೆಹಬೂಬನಿಗೆ ಹೇಳಿದ್ದೇ ಹೇಳಿದ್ದು. ಮೆಹಬೂಬ ಅದೇ ಊರಿನವನು, ಅದೇ ಗಿರಣಿಯವನು, ಪಾಪದ ಪ್ರಾಣಿ. ಡಾಂಬರಿನ ಕಟ್ಟಕಡೆಯ ಅಂಚಿನಲ್ಲಿ, ಯಾರದೋ ಹೊಲದಲ್ಲಿ ಕದ್ದು ಹೋಗುವವನ ಹಾಗೆ ಸೈಕಲ್ ಹೊಡೆಯುತ್ತಿದ್ದ. ದೂರದಲ್ಲಿ ಹಾರ್ನ್ ಕೇಳಿದರೂ ಸಾಕು, ಕಾಲು ಕೆಳಗೆ ಊರಿ ನಿಂತುಬಿಡುತ್ತಿದ್ದ.

"ಅಂಚಿಗೆ ಸರದಿ ಅಂದ್ರ ಅವನ ಲೆಕ್ಕದಾಗ ನೀ ಇಲ್ಲಾ ಅಂತನ ಆತಲೇ" ಎಂದು ಲಕ್ಕಪ್ಪ ಒದರುವನು.

"ಇಲ್ಲಾ ಅಂದ್ಕೊಳ್ಳಲಿ ಬಿಡೋ ಮಾರಾಯಾ. ಸಂಜೀಕ ಮನ್ಯಾಗ ಇದ್ರ ಸಾಕು" ಎಂದು ಮೆಹಬೂಬ ನಗುವನು.

ಒಂದು ಸಲ ಲಾರಿಯೊಂದು ಲಕ್ಕಪ್ಪನ ಹ್ಯಾಂಡಲ್ ಸವರಿಕೊಂಡೇ ಹೋಯಿತು. ಕೈಬೆರಳ ತೊಗಲು ಸುಲಿಯಿತು. ಇವನು ಬಿಡುತ್ತಾನೆಯೇ? ಏದುಸಿರು ಬಿಡುತ್ತ ತುಳಿದು, ಶಿಗ್ಗಾಂವದ ಹೊರಗಿನ ಚಹಾದ ಅಂಗಡಿಯ ಮುಂದೆ ಆ ಲಾರಿ ನಿಂತದ್ದು ಕಂಡು, ಬೆಂಚಿನ ಮೇಲೆ ಕೂತಿದ್ದ ಡ್ರೈವರನ ಕಾಲರಿಗೇ ಕೈ ಹಾಕಿದ. "ನಾ ನಿನ್ನ ಕಣ್ಣಿಗೆ ಮನಷ್ಯಾ ಕಂಡ್ನೋ, ಮೈಲಗಲ್ಲ ಕಂಡ್ನೋ?"

ಡ್ರೈವರ ಕಪ್ಪಿನಿಂದ ತಲೆ ಎತ್ತಲಿಲ್ಲ. "ಮೈಲಗಲ್ಲ ಆಗಿದ್ರ ತಪ್ಪಸ್ತಿದ್ದೆ. ಅದಕ್ಕ ಬಡದ್ರ ಗಾಡಿ ಕೆಡತೈತಿ" ಎಂದ. ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಲಕ್ಕಪ್ಪ ಆ ಮಾತನ್ನು ಒಂದು ತಿಂಗಳು ಮರೆಯಲಿಲ್ಲ.

ಡ್ರೈವರುಗಳ ಮೇಲಿನ ಸಿಟ್ಟಿಗಿಂತ ಅವನಿಗೆ ದೊಡ್ಡ ಸಿಟ್ಟು ಇನ್ನೊಂದಿತ್ತು. ಸುಗ್ಗಿಯ ದಿನಗಳಲ್ಲಿ ನಮ್ಮ ಜನ ಹುರುಳಿ, ನವಣೆ ಎಲ್ಲ ತಂದು ರಸ್ತೆಯ ನಡುವೆ ಹರವುತ್ತಾರೆ. ಕಣ ಬೇಡ, ಎತ್ತು ಬೇಡ. ಬಸ್ಸು, ಲಾರಿ ಮೇಲೆ ಹಾದು ಹಾದು ಕಾಳು ಉದುರುತ್ತದೆ. ಆದರೆ ಡ್ರೈವರುಗಳು ಹುಲ್ಲನ್ನು ತಪ್ಪಿಸಿ ಪಕ್ಕದಿಂದ ಹೋಗಿಬಿಡುತ್ತಾರಲ್ಲ, ಹಾಗೆ ಹೋಗದಿರಲಿ ಎಂದು ಡಾಂಬರಿನ ಎರಡೂ ಅಂಚಿಗೆ ತಲೆಗಾತ್ರದ ಕಲ್ಲು ಸಾಲಾಗಿ ಇಡುತ್ತಾರೆ. ಕಾಳು ಕಟ್ಟಿಕೊಂಡು ಮನೆಗೆ ಹೋಗುವಾಗ ಕಲ್ಲು ತೆಗೆಯುವ ಪುಣ್ಯಾತ್ಮ ಹತ್ತರಲ್ಲಿ ಒಬ್ಬ. ಸೈಕಲ್ಲಿನವನಿಗೆ ಉಳಿದಿದ್ದ ಗೇಣು ಜಾಗವೂ ಹೋಯಿತು! ಲಕ್ಕಪ್ಪ ಅಂಥ ಕಲ್ಲು ಕಂಡಲ್ಲೆಲ್ಲ ಸೈಕಲ್ ನಿಲ್ಲಿಸಿ ಒಂದೊಂದನ್ನೇ ಗಟಾರಕ್ಕೆ ಎಸೆಯುವನು. ಇಟ್ಟವರು ಸಿಕ್ಕರೆ ಅವರ ಮೂರು ತಲೆಮಾರನ್ನು ತೊಳೆಯುವನು. ಚಕ್ಕಡಿಯ ಕರಬಸಪ್ಪನ ಜೊತೆ ಇದೇ ಕಾರಣಕ್ಕೆ ಕೈಕೈ ಮಿಲಾಯಿಸಿ ಎರಡು ವರ್ಷ ಮಾತು ಬಿಟ್ಟಿದ್ದ. ಲಕ್ಕಪ್ಪ ಅಂದರೆ ಕಲ್ಲಿನ ವೈರಿ ಎಂದು ಊರಿಗೇ ಗೊತ್ತಿತ್ತು.

ಎಪ್ಪತ್ತೊಂಬತ್ತರ ಡಿಸೆಂಬರಿನಲ್ಲಿ ಅಕಾಲದ ಮೋಡ ಕಟ್ಟಿತು. ರಸ್ತೆಗೆ ಹತ್ತಿದ ಲಕ್ಕಪ್ಪನ ಅರ್ಧ ಎಕರೆಯಲ್ಲಿ ಕಿತ್ತ ಹುರುಳಿ ಗುಡ್ಡೆ ಬಿದ್ದಿತ್ತು. ಮಳೆ ಬಂದರೆ ಕೊಳೆತು ಹೋಗುವುದು. ಹೊಳೆವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರು ನಿಂತಳು.

"ಊರ ಮಂದಿಯೆಲ್ಲಾ ರೋಡಿಗೆ ಹಾಕ್ತಾರ. ನಿಮ್ಮದೊಂದ ಶಾಸ್ತ್ರ ಹೊಸಾದು. ಕಾಳು ಕೊಳತ ಮ್ಯಾಲ ನಿಮ್ಮ ಒಂದೂವರಿ ಮೊಳಾ ಬೇಸಿ ತಿನ್ನೂನೇನ್ರಿ?"

ಲಕ್ಕಪ್ಪ ಹೂಂ ಅಂದ. ರಜೆ ಬೇಕಾಯಿತು. ಗಿರಣಿಯಲ್ಲಿ ಇಬ್ಬರಿಗೆ ಒಂದೇ ದಿನ ರಜೆ ಸಿಗುವ ಹಾಗಿರಲಿಲ್ಲ, ಆ ದಿನದ ರಜೆ ಮೆಹಬೂಬ ಮೊದಲೇ ಕೇಳಿಟ್ಟಿದ್ದ. ಅವನ ಹೆಂಡತಿ ಹಾಜರಾಬಿಯ ತಮ್ಮನ ನಿಶ್ಚಯ ಸವಣೂರಿನಲ್ಲಿ. ಲಕ್ಕಪ್ಪ ಮುಖ ಸಣ್ಣದು ಮಾಡಿಕೊಂಡು ಕೇಳಿದಾಗ ಮೆಹಬೂಬ, "ತಗೋ. ನಿಶ್ಚೇಕ್ಕ ಹಾಜರಾ ಒಬ್ಬಾಕಿನ ಹೋಗಲಿ. ಹುರಳಿ ಮಳೀಗೆ ಸಿಕ್ರ ಮತ್ತ ಬರ್ತೈತೇನು?" ಎಂದು ಬಿಟ್ಟುಕೊಟ್ಟ.

ಆ ದಿನ ಬೆಳಗಿನಿಂದ ಸಂಜೆಯ ತನಕ ಲಾರಿಗಳು ಹುರುಳಿ ತುಳಿದವು. ಮೋಡಕ್ಕೆ ಹೆದರಿ ಊರವರೆಲ್ಲ ತಮ್ಮ ತಮ್ಮ ಹೊಲದಲ್ಲಿದ್ದರು, ಈ ಕಡೆ ಯಾರೂ ಸುಳಿಯಲಿಲ್ಲ. ಅಂಚಿನ ಕಲ್ಲು ಇಟ್ಟವನು ಲಕ್ಕಪ್ಪನೇ, ತನ್ನ ಕೈಯಾರೆ. ಹೊತ್ತು ಇಳಿಯುವಾಗ ಅರ್ಧ ಗುಡ್ಡೆ ಇನ್ನೂ ಉಳಿದಿತ್ತು. ಕಾಳು ಹೊರೆ ಕಟ್ಟಿ ಹೊತ್ತುಕೊಂಡಾಗ ಅವನು ಕಲ್ಲುಗಳ ಕಡೆ ಹೊರಳಿ ನೋಡಿದ.

"ಇರಲಿ ಬಿಡ್ರಿ, ಮುಂಜಾನೆ ಮತ್ತ ಅಲ್ಲೇ ಇಡೂದೈತಿ" ಅಂದಳು ಹೊಳೆವ್ವ. ಒಂದು ರಾತ್ರಿಗೆ ಏನಾದೀತು ಅನ್ನಿಸಿತು ಅವನಿಗೂ. ಎಂಟು ವರ್ಷ ಎಲ್ಲರಿಗೂ ಬೈದ ಬಾಯಿ ಅವತ್ತು ತೆರೆಯಲಿಲ್ಲ.

ಮನೆಗೆ ಬಂದು ಹೊರೆ ಇಳಿಸಿದ್ದನೋ ಇಲ್ಲವೋ, ಕರಬಸಪ್ಪ ಓಡುತ್ತ ಬಂದ. "ಲಕ್ಕಪ್ಪಾ, ನಿನ್ನ ಹೊಲದ ಹತ್ರ ಮೆಹಬೂಬಗ ಲಾರಿ ಬಡದೈತಿ. ನಿಲ್ಲಸಲಾರ್ದ ಹೋತು ಸೂಳೀಮಗಂದು!" ಲಕ್ಕಪ್ಪ ಓಡಿದ. ಇನ್ನೂ ಮಬ್ಬು ಬೆಳಕಿತ್ತು. ಸಾಲುಗಲ್ಲು ಶುರುವಾಗುವಲ್ಲಿ, ರಸ್ತೆಯ ನಡುವಿನಲ್ಲಿ, ಮೆಹಬೂಬ ಮಗ್ಗುಲಾಗಿ ಬಿದ್ದಿದ್ದ. ಏನಾಗಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಎಂದಿನ ಹಾಗೆ ಅಂಚು ಹಿಡಿದು ಬಂದಿದ್ದಾನೆ, ಕಲ್ಲು ಎದುರಾಗಿದೆ, ತಪ್ಪಿಸಲು ಬಲಕ್ಕೆ ಹೊರಳಿದ್ದಾನೆ, ಹಿಂದಿನ ಲಾರಿ ಹೊಡೆದುಕೊಂಡು ಹೋಗಿದೆ.

ಉಸಿರು ಆಡುತ್ತಿತ್ತು. ಕರಬಸಪ್ಪ ಚಕ್ಕಡಿ ಹೂಡಿ ತಂದ. ಇಬ್ಬರೂ ಸೇರಿ ಎತ್ತಿ ಹುಲ್ಲಿನ ಮೇಲೆ ಮಲಗಿಸಿದರು. ಮೆಹಬೂಬ ಲಕ್ಕಪ್ಪನ ಅಂಗಿಯ ತೋಳು ಹಿಡಿದಿದ್ದ. "ಹತ್ತು, ತೆಲಿ ತೊಡೀಮ್ಯಾಲ ಹಿಡ್ಕೊ" ಎಂದ ಕರಬಸಪ್ಪ.

"ನೀ ನಡಿ. ನಾ ಅವನ ಸೈಕಲ್ ತಗೊಂಡು ಹಿಂದಿಂದ ಬರ್ತೇನಿ" ಎಂದ ಲಕ್ಕಪ್ಪ. ತೋಳಿನಿಂದ ಆ ಬೆರಳುಗಳನ್ನು ಅವನೇ ಬಿಡಿಸಿದ.

ಚಕ್ಕಡಿ ಕಣ್ಮರೆಯಾದ ಮೇಲೆ ಲಕ್ಕಪ್ಪ ಒಂದೊಂದೇ ಕಲ್ಲು ಎತ್ತಿ ಜಾಲಿಕಂಟಿಯಾಚೆ ಎಸೆದ. ಇಪ್ಪತ್ತೆರಡು ಕಲ್ಲು. ಉಳಿದ ಹೊಟ್ಟನ್ನು ಧೋತರದ ತುದಿಯಿಂದ ಗುಡಿಸಿದ. ಅದೆಲ್ಲ ಮುಗಿಸಿ ಶಿಗ್ಗಾಂವದ ದವಾಖಾನೆಗೆ ಹೋಗುವಷ್ಟರಲ್ಲಿ ಮೆಹಬೂಬ ದಾರಿಯಲ್ಲೇ ತೀರಿಕೊಂಡಿದ್ದ. ಜೊತೆಗಿದ್ದದ್ದು ಮುಂದೆ ಮುಖ ಮಾಡಿ ಎತ್ತು ಹೊಡೆಯುತ್ತಿದ್ದ ಕರಬಸಪ್ಪ ಒಬ್ಬನೇ.

ಮರುದಿನ ಪೊಲೀಸರು ಬಂದು ಪಂಚನಾಮೆ ಬರೆದರು. ರಸ್ತೆಯ ಮೇಲೆ ಯಾವ ಅಡೆತಡೆಯೂ ಇರಲಿಲ್ಲ, ಸೈಕಲ್ ಸವಾರ ರಸ್ತೆಯ ನಡುಭಾಗದಲ್ಲಿದ್ದ ಎಂದು ಬರೆದು ಓದಿ ಹೇಳಿದರು. ಊರಿನ ಇಬ್ಬರು ಪಂಚರ ಸಹಿ ಬೇಕಿತ್ತು. ಹೊಲದ ಮಾಲಕ ನೀನೇ ಅಲ್ಲವೇ ಎಂದು ಲಕ್ಕಪ್ಪನನ್ನೇ ಕರೆದರು. ಅವನು ಸಹಿ ಮಾಡಿದ. ಕರಬಸಪ್ಪನೂ ಮಾಡಿದ. ಅವನು ಕಲ್ಲು ಕಂಡಿದ್ದನೋ ಇಲ್ಲವೋ, ಕೇಳುವ ಧೈರ್ಯ ಲಕ್ಕಪ್ಪನಿಗೆ ಎಂದೂ ಆಗಲಿಲ್ಲ. ಆ ಲಾರಿ ಯಾರದೆಂದು ಗೊತ್ತಾಗಲೇ ಇಲ್ಲ.

ಮುಸಲ್ಮಾನರಲ್ಲಿ ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರಿಗೆ ಮುಖ ತೋರಿಸುವಂತಿಲ್ಲ. ಲಕ್ಕಪ್ಪನಿಗೆ ಅದೊಂದು ನೆಪವಾಯಿತು. ಅವಧಿ ಮುಗಿದ ಮರುದಿನವೇ ಹಾಜರಾಬಿ ಹೇಳಿ ಕಳಿಸಿದಳು. ಹೋಗಿ ನೋಡಿದರೆ ಅವಳ ಗುರುತೇ ಹತ್ತಲಿಲ್ಲ, ಅರ್ಧಕ್ಕೆ ಇಳಿದಿದ್ದಳು.

"ಲಕ್ಕಪ್ಪಣ್ಣಾ, ಒಂದ ಮಾತ ಕೇಳ್ತೇನಿ, ಖರೇ ಹೇಳು. ಅವ ಹುಟ್ಟಿದಾಗಿಂದ ಅಂಚ ಬಿಟ್ಟವನಲ್ಲ. ಅವತ್ತ ನಡಬರಕ ಯಾಕ ಹೋದ?"

ಲಕ್ಕಪ್ಪ ಹೆಗಲ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

ಅವಳೇ ಹೇಳಿದಳು. ನಿಶ್ಚಯಕ್ಕೆ ಬರುವುದಿಲ್ಲ ಅಂದದ್ದಕ್ಕೆ ಆ ಮುಂಜಾನೆ ಮನೆಯಲ್ಲಿ ರಂಪವಾಗಿತ್ತು. "ಮನೀಗೆ ಬರಬ್ಯಾಡ, ಎಲ್ಲೆರ ಲಾರಿ ತೆಳಗ ಬಿದ್ದು ಸಾಯಿ ಅಂದ್ನಿ ಅಣ್ಣಾ. ಈ ಬಾಯಿಲೆ ಅಂದ್ನಿ. ಬುತ್ತೀನೂ ಒಯ್ಯಲಿಲ್ಲ ಅವ. ಬೇಕಂತ ಹೋಗಿ ಬಿದ್ದಾನ. ಹಂಗ ಜೀವಾ ಕಳಕೊಂಡವರಿಗೆ ಮ್ಯಾಲೂ ಜಾಗಾ ಇಲ್ಲಂತ. ಎರಡೂ ಕಡೆ ಇಲ್ಲದಂಗ ಮಾಡಿದ್ನಿ ನಾನು."

ಒಂದೇ ಮಾತು ಸಾಕಾಗಿತ್ತು. ಕಲ್ಲು ನಂದು ತಂಗೀ, ಅಷ್ಟೇ. ಆದರೆ ಲಕ್ಕಪ್ಪ, "ಹಂಗೆಲ್ಲಾ ಅನಬ್ಯಾಡ" ಎಂದು ತೊದಲಿ ಎದ್ದು ಬಂದ. ಥೂ, ಅವನ ಜನ್ಮಕ್ಕಿಷ್ಟು! ಮನೆಗೆ ಬಂದು ಹೊಳೆವ್ವನ ಮುಂದೆ ಅತ್ತ. ಅವಳು ಅವನ ಬಾಯಿಗೇ ಕೈ ಅಡ್ಡ ಇಟ್ಟಳು. "ಸಹಿ ಮಾಡೀರಿ. ಈಗ ಬಾಯಿ ಬಿಟ್ರ ಜೇಲಿಗೆ ಹೋಗ್ತೀರಿ. ಆಕಿ ನನ್ನೂ ಕೇಳಿದ್ಲು. ನಮ್ಮ ಹುರಳಿ ಮನೀಮುಂದ ಬಡಗೀಲೆ ಬಡದ್ವಿ ಅಂತ ಹೇಳೇನಿ."

ಎರಡು ವರ್ಷ ಹೀಗೇ ಹೋಯಿತು. ಲಕ್ಕಪ್ಪ ಒಬ್ಬನೇ ಗಿರಣಿಗೆ ಹೋಗಿ ಬಂದ. ಲಾರಿ ಮೈಮೇಲೆ ಬಂದರೂ ಬೈಯುವುದನ್ನು ಬಿಟ್ಟ. ರಸ್ತೆಯ ಕಲ್ಲು ಕಂಡರೆ ಇಳಿದು, ಮಾತಿಲ್ಲದೆ ಎತ್ತಿ ಎಸೆದು ಹೋಗುತ್ತಿದ್ದ. ಜನ ಅದನ್ನೂ ಕೊಂಡಾಡಿದರು. ಗೆಳೆಯ ಸತ್ತ ಮೇಲೆ ಲಕ್ಕಪ್ಪ ದೇವರಂಥವನಾದ ಎಂದರು. ಅತ್ತ ಹಾಜರಾಬಿ ಊಟ ಬಿಟ್ಟಳು, ಹಬ್ಬ ಬಿಟ್ಟಳು. ಯಾರಾದರೂ ಗಂಡನ ಹೆಸರೆತ್ತಿದರೆ, "ನಾನ ಕೊಂದೆ" ಅನ್ನುವಳು. ತಮ್ಮ ಬಂದು ಸವಣೂರಿಗೆ ಕರೆದ. ಹೋಗಲಿಲ್ಲ.

ಎಂಬತ್ತೆರಡರ ಬೇಸಿಗೆಯಲ್ಲಿ ಅವಳು ಹಾಸಿಗೆ ಹಿಡಿದ ಸುದ್ದಿ ಬಂತು. ಲಕ್ಕಪ್ಪ ಜೇಲಾದರೆ ಜೇಲು ಎಂದು ಎದ್ದ. ಹಾಜರಾಬಿ ಗೋಡೆಗೆ ಒರಗಿ ಕೂತಿದ್ದಳು. ಅವನು ಹೊಸ್ತಿಲ ಒಳಗೆ ಕಾಲಿಟ್ಟವನೇ ನೆಲಕ್ಕೆ ಕುಸಿದು ಎಲ್ಲ ಹೇಳಿದ. ಹುರುಳಿ ಹಾಕಿದ್ದು, ಕಲ್ಲು ಇಟ್ಟದ್ದು, ತೆಗೆಯದೆ ಬಂದದ್ದು, ಬೆರಳು ಬಿಡಿಸಿದ್ದು, ಇಪ್ಪತ್ತೆರಡು ಕಲ್ಲು ಎಸೆದದ್ದು. "ಅವ ಸಾಯಾಕ ಹೋಗಲಿಲ್ಲ ತಂಗೀ. ನಾ ಇಟ್ಟ ಕಲ್ಲ ತಪ್ಪಿಸಾಕ ಹೋದ. ಮನೀಗೆ ಬರಾಕತ್ತಿದ್ದ ಅವ, ನಿನ್ನ ಕಡೇನ ಬರಾಕತ್ತಿದ್ದ!"

ಹಾಜರಾಬಿ ಅವನ ಮುಖ ನೋಡಿದಳು. ಆಮೇಲೆ ಅವಳ ಕಣ್ಣು ತುಂಬಿತು.

"ನೀ ಕಲ್ಲ ಇಡವ ಅಲ್ಲ ಅಣ್ಣಾ. ನಮ್ಮೂರ ಸಣ್ಣ ಕೂಸಿಗೂ ಗೊತ್ತೈತಿ ಅದು. ರಸ್ತಾ ಸಾಫ್ ಇತ್ತು ಅಂತ ಪೊಲೀಸರ ಕಾಗದದಾಗ ನೀನ ಬರಸೀದಿ. ಹುರಳಿ ಮನೀಮುಂದ ಬಡದ್ವಿ ಅಂತ ಹೊಳೆವ್ವ ಅವತ್ತ ಹೇಳ್ಯಾಳ."

"ಹೊಳೆವ್ವನ ಆಣಿ ತಂಗೀ, ಆಕಿ ಸುಳ್ಳ ಹೇಳ್ಯಾಳ, ನಾನೂ..."

"ಬ್ಯಾಡ" ಎಂದು ಅವಳು ಕೈ ಎತ್ತಿದಳು. "ನನ್ನ ಸಲುವಾಗಿ ಹೆಂಡ್ತಿ ಮ್ಯಾಲ ಸುಳ್ಳ ಆಣಿ ಮಾಡಬ್ಯಾಡ. ಇಲ್ಲದ ಪಾಪ ತೆಲೀಮ್ಯಾಲ ಹೊತಗೊಂಡ ನನ್ನ ಹಗರ ಮಾಡಾಕ ಬಂದೀ. ಅವಗ ನಿನ್ನಂಥಾ ಗೆಳ್ಯಾ ಇದ್ದನಲ್ಲ, ಅಷ್ಟ ಸಾಕು."

ಲಕ್ಕಪ್ಪ ಹಣೆ ನೆಲಕ್ಕೆ ಬಡಿದುಕೊಂಡ. ಕರಬಸಪ್ಪನನ್ನು ಕೇಳು ಎಂದ, ಜಾಲಿಕಂಟಿಯಾಚೆ ಕಲ್ಲು ಇನ್ನೂ ಬಿದ್ದಿವೆ ಬಾ ತೋರಿಸುತ್ತೇನೆ ಎಂದ. ಅವಳು ಗೋಡೆ ಹಿಡಿದು ಎದ್ದು ಬಂದು, ಅಳುವ ಮಗುವನ್ನು ಎಬ್ಬಿಸಿದ ಹಾಗೆ ಅವನ ರಟ್ಟೆ ಹಿಡಿದು ಎಬ್ಬಿಸಿದಳು.

"ನಾ ಅಂದ ಮಾತಿಗೆ ಅವ ಹೋದ. ಅದು ನನಗ ಗೊತ್ತೈತಿ, ಮ್ಯಾಲಿನವಗ ಗೊತ್ತೈತಿ. ನೀ ಅಳಬ್ಯಾಡ. ಕುಂದರು, ಚಾ ಇಡ್ತೇನಿ."