ತಪನ್‌ಬಾಬು ಕಳಚಿಟ್ಟ ಗ್ಲೌಸ್

ನನ್ನ ನಿವೃತ್ತಿಗೆ ಆಗ ಮೂರು ವರ್ಷ ಬಾಕಿ. ಕೋಲ್ಕತ್ತಾದ ಡಮ್ ಡಮ್ ಕಡೆಯ ಒಂದು ವಿಮಾನ ಇಂಧನ ಡಿಪೋದಲ್ಲಿ ಇಂಡಸ್ಟ್ರಿಯಲ್ ಹೈಜಿನಿಸ್ಟ್ ಆಗಿದ್ದೆ. ಕೆಲಸದಿಂದ ಕಾರ್ಮಿಕರ ಆರೋಗ್ಯಕ್ಕೆ ಏನು ಕೇಡಾಗುತ್ತದೆಂದು ಅಳೆದು ಹೇಳುವುದು ಆ ಹುದ್ದೆಯ ಹೊಣೆ. ಬಳಸಿ ಉಳಿದ ಅಡುಗೆ ಎಣ್ಣೆಯಿಂದ ತಯಾರಾದ ಜೈವಿಕ ಜೆಟ್ ಇಂಧನ ಪ್ರಯೋಗಕ್ಕೆಂದು ಬಂದಾಗ, ಅದನ್ನು ಪರೀಕ್ಷಿಸುವ ಕೆಲಸ ನನಗೇ ಬಿತ್ತು.

ಕಾರ್ಮಿಕರ ಕೊರಳಪಟ್ಟಿಗೆ ಆವಿ ಹೀರುವ ಬ್ಯಾಡ್ಜ್ ಸಿಕ್ಕಿಸಿ, ಅವರು ಉಸಿರಾಡುವ ಗಾಳಿಯಲ್ಲಿ ಎಷ್ಟು ಆವಿ ಇದೆಯೆಂದು ಅಳೆದೆ. ಹಳೆಯ ಇಂಧನದಲ್ಲಿದ್ದ ಬೆಂಜೀನ್ ಜಾತಿಯ ವಿಷ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಖುಷಿಯಿಂದ ವರದಿಯಲ್ಲಿ 'ಸುರಕ್ಷಿತ' ಎಂದು ಬರೆದೆ. ಆಡಳಿತದವರು ಅದನ್ನೇ ಬಂಗಾಳಿಯಲ್ಲಿ ಪೋಸ್ಟರ್ ಮಾಡಿ, ಹಸಿರು ಎಲೆಯೊಂದನ್ನು ಬಿಡಿಸಿ ಗೋಡೆಗೆ ಅಂಟಿಸಿದರು: ಅಡುಗೆ ಎಣ್ಣೆಯಿಂದ ಬಂದದ್ದು, ಸುರಕ್ಷಿತ. ಕೆಳಗೆ ನನ್ನ ಹೆಸರು.

ಕೆಲವು ತಿಂಗಳ ನಂತರ ತಪನ್‌ಬಾಬು ನನ್ನ ಕೋಣೆಗೆ ಬಂದರು. ಟ್ಯಾಂಕಿನಿಂದ ಸ್ಯಾಂಪಲ್ ಹಿಡಿಯುವ ಗುತ್ತಿಗೆ ಕಾರ್ಮಿಕ, ಐವತ್ತು ದಾಟಿದವರು. ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟರು. ಚರ್ಮ ಬಿರಿದು, ಬೆರಳ ಸಂದಿಯಲ್ಲಿ ರಕ್ತ ಜಿನುಗುತ್ತಿತ್ತು.

"ಗ್ಲೌಸ್ ಎಲ್ಲಿ?"

"ಬಿಟ್ಟುಬಿಟ್ಟೆ ದಿದಿ. ಇದು ಮೊದಲಿನದರ ಥರ ಮೂಗಿಗೆ ಹೊಡೆಯೋದಿಲ್ಲ. ದಿನಾ ಸ್ನಾನಕ್ಕೆ ಮುಂಚೆ ಮೈಗೆಲ್ಲ ಸಾಸಿವೆ ಎಣ್ಣೆ ಹಚ್ಚಿಕೊಳ್ಳೋ ಜನ ನಾವು. ಇದೂ ಎಣ್ಣೇನೇ ಅಂತ ನೀವೇ ಅಲ್ವಾ ಬರೆದಿರೋದು? ಕೈಗೆ ಅಂಟಿದ ಗ್ರೀಸನ್ನೂ ಇದರಲ್ಲೇ ತೊಳೀತಿದ್ದೆ."

ಸಂಸ್ಕರಿಸಿದ ಮೇಲೆ ಅದು ಎಣ್ಣೆಯಾಗಿ ಉಳಿದಿರುವುದಿಲ್ಲ, ಸೀಮೆಎಣ್ಣೆಯಂತೆಯೇ ಚರ್ಮದ ಜಿಡ್ಡನ್ನೆಲ್ಲ ಎಳೆದುಬಿಡುತ್ತದೆ. ಇದು ನನಗೆ ಗೊತ್ತಿತ್ತು. ಗ್ಲೌಸ್ ಇದ್ದೇ ಇರುತ್ತದಲ್ಲ ಎಂದುಕೊಂಡು ಚರ್ಮದ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಪೋಸ್ಟರಿನಲ್ಲಿ ಆ ಸಾಲೂ ಇರಲಿಲ್ಲ, ನಾನು ಕೇಳಲೂ ಇಲ್ಲ.

ಮ್ಯಾನೇಜರ್ ಬಳಿ ಹೋದೆ. "ಮೇಡಂ, ಸುರಕ್ಷಿತ ಅಂತ ನಿಮ್ಮ ವರದೀಲೇ ಇದೆ. ಗ್ಲೌಸ್ ತೆಗೆದದ್ದು ಅವನ ತಪ್ಪು," ಎಂದರು. ವಾರದೊಳಗೆ ತಪನ್‌ಬಾಬು 'ಅನ್‌ಫಿಟ್' ಆದರು. ಗೇಟ್ ಪಾಸ್ ಕಿತ್ತುಕೊಂಡರು. ಅದಕ್ಕೆ ಆಧಾರ ನನ್ನದೇ ವರದಿ. ತಪ್ಪೊಪ್ಪಿಕೊಂಡು ಎರಡನೆಯ ವರದಿ ಬರೆದೆ. ಅದನ್ನು ಯಾರೂ ತೆರೆದು ನೋಡಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡು ಉಳಿದ ವರ್ಷಗಳನ್ನು ಮುಗಿಸಿದೆ. ಆ ಹೇಡಿತನಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ನಿವೃತ್ತಿಯಾದ ಮೇಲೆ ಬೆಹಾಲಾದಲ್ಲಿರುವ ಅವರ ಮನೆಗೆ ಹೋದೆ. ಊಟದ ಹೊತ್ತು. ಅವರ ಹೆಂಡತಿ ಗಂಡನ ತಟ್ಟೆಯ ಮೀನಿನ ಮುಳ್ಳು ಬಿಡಿಸಿ ಅಂಚಿಗಿಡುತ್ತಿದ್ದರು. "ನನ್ನ ಬೆರಳಿಗೆ ಮುಳ್ಳು ತಿಳಿಯೋದಿಲ್ಲ ದಿದಿ," ಎಂದು ತಪನ್‌ಬಾಬು ನಕ್ಕರು.

ಸುರಕ್ಷಿತ ಎಂದು ಬರೆಯುವ ಮುನ್ನ, ಆ ಮಾತನ್ನು ನಂಬಿ ಯಾರು ಏನನ್ನು ಕಳಚಿಡುತ್ತಾರೆಂದು ನೋಡಬೇಕು. ನಾನು ಅವರ ಕೊರಳಪಟ್ಟಿಯನ್ನಷ್ಟೇ ನೋಡಿದ್ದೆ.