ಬಂಡಮ್ಮನ ಬಾಳೆಗೊಂದು ಬೇಲಿ

"ಜಾಹೇದಾ, ನೀನೇ ಹೇಳವ್ವಾ. ನಮ್ಮಣ್ಣ ಮಲ್ಕಪ್ಪ ಕಮಲಾಪುರದಿಂದ ಕೆಂಪು ಬಾಳಿದು ಮೂರು ಮರಿ ತಂದುಕೊಟ್ಟ. ನಮ್ಮವ್ವ ತನ್ನ ಕೈಲೆ ಹಚ್ಚಿದ ಬುಡದಾವು ಅವು. ಈಗ ಅಲ್ಲಿ ಅಣ್ಣ ಬುಡ ಕಿತ್ತು ತೊಗರಿ ಬಿತ್ತ್ಯಾನ. ಒಂದು ಮರಿ ಓಣ್ಯಾಗ ತಿರಗೋ ಆ ಕೆಂದಾಕಳು ಸೋಮವಾರ ತಿಂತು, ಇನ್ನೊಂದು ಬುಧವಾರ ತಿಂತು. ನಡುವ ಮಂಗಳವಾರ ಉಪಾಸ ಇತ್ತೋ ಏನೋ! ಉಳದಿದ್ದು ಇದೊಂದೇ. ಇದೂ ಹೋದ್ರ ನಮ್ಮವ್ವನ ಬಾಳಿ ಈ ಭೂಮಿ ಮ್ಯಾಲೇ ಇಲ್ಲ. ಬೇಲಿ ಹಾಕಲೇಬೇಕು. ಆದ್ರ ಎಂಥಾ ಬೇಲಿ ಅಂಬೋದೇ ತಿಳೀವಲ್ದು."

ಜೇವರ್ಗಿ ಕಾಲೋನಿಯ ಬಂಡಮ್ಮ ಮೊಳಕಾಲೆತ್ತರದ ಬಾಳೆಮರಿಯ ಮುಂದೆ ಕೂತು ಇಷ್ಟು ಹೇಳುವುದರೊಳಗೆ ಪಕ್ಕದ ಮನೆಯ ಜಾಹೇದಾ ಒಂದು ಸೂಡು ಮೆಂತೆಪಲ್ಲೆ ಸೋಸಿ ಮುಗಿಸಿದ್ದಳು. ಆಗ ಬಂಡಮ್ಮನ ಗಂಡ ದೌಲಪ್ಪ ಹೊರಗೆ ಬಂದ. ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವನು.

"ಸುತ್ತಲೂ ಶಹಾಬಾದ ಪರಸಿ ಕಲ್ಲು ನಿಲ್ಲಸಮು. ಲಾರಿ ಬಡದ್ರೂ ಅಲುಗಂಗಿಲ್ಲ."

"ಬಾಳಿಗಿ ಬಿಸಲು ಬ್ಯಾಡೇನ್ರಿ?" ಅಂದಳು ಬಂಡಮ್ಮ.

"ಭಾಯಿಸಾಬ್, ಅಕ್ಕನ ಮಾರಿ ನೋಡ್ಲಾಕ ನಾ ದಿನಾ ನಿಚ್ಚಣಿಕಿ ಹಚ್ಚಬೇಕೇನ್ರಿ?" ಅಂದಳು ಜಾಹೇದಾ.

"ಹಂಗಾದ್ರ ಜಾಲಿಮುಳ್ಳು."

"ಅದು ಆಕಳಿಗಿಂತ ಮೊದಲು ನಿಮ್ಮ ಧೋತ್ರ ಹಿಡೀತದ," ಅಂದಳು ಬಂಡಮ್ಮ.

ಕಡೆಗೆ ತಂತಿ ಜಾಳಿಗೆ ಎಂದಾಯಿತು. ಅದರಲ್ಲಿ ಬಿಸಿಲೂ ಬರುತ್ತದೆ, ಮಾತೂ ದಾಟುತ್ತದೆ. ಬಂಡಮ್ಮ ಹಳೇ ಸೀರೆ ಹಿಡಿದು ಅಂಗಳ ಅಳೆದಳು. ಎರಡು ಸೀರೆ, ಒಂದು ಸೆರಗು. ಸೇಡಂ ರಸ್ತೆಯ ಅಂಗಡಿಗೆ ಹೊರಟ ದೌಲಪ್ಪ ಒಂದೇ ಚಪ್ಪಲಿ ಮೆಟ್ಟಿ ನಿಂತುಬಿಟ್ಟ.

"ಅಲ್ಲಾ, ಓಣ್ಯಾಗ ಇಷ್ಟು ಮನಿ ಅವ. ಈ ಆಕಳು ನಮ್ಮಲ್ಲಿಗೇ ಯಾಕ ಬರ್ತದ? ಸ್ಟಾಪ್ ಇಲ್ಲದ ಕಡಿ ಬಸ್ ನಿಂದರಂಗಿಲ್ಲ."

ಜಾಹೇದಾ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಸ್ಟಾಪ್ ಮಾಡಿದೋರು ಯಾರ್ರೀ? ದಿನಾ ಮುಂಜಾನಿ ಮೊದಲ್ನೇ ರೊಟ್ಟಿ ಅದಕ್ಕ ಯಾರು ತಿನ್ನಸ್ತಾರ?"

ಬಂಡಮ್ಮ ಸೀರೆ ಮಡಚುವುದನ್ನು ನಿಲ್ಲಿಸಿದಳು. ಮೊದಲ ರೊಟ್ಟಿ ಆಕಳಿಗೆ ಎಂದು ಅವ್ವ ಕಲಿಸಿದ್ದಳು. ಮದುವೆಯಾಗಿ ಬಂದಾಗಿನಿಂದ ಒಂದು ದಿನ ತಪ್ಪಿಲ್ಲ. ಕೊಡುವುದು ಇದೇ ಬಾಳೆಯ ಪಕ್ಕದಲ್ಲಿ. ಹಂಚು ಕಾದೀತೆಂದು ಆಕೆ ಒಳಗೋಡುವುದೇ ತಡ, ಆಕಳು ರೊಟ್ಟಿಗೆ ಬಾಳೆ ನಂಜಿಕೊಳ್ಳುತ್ತಿತ್ತು.

"ರೊಟ್ಟಿ ಬಂದ್ ಮಾಡು," ಅಂದ ದೌಲಪ್ಪ.

"ಅವ್ವನ ಬಾಳಿ ಉಳಸ್ಲಾಕ ಅವ್ವನ ರೊಟ್ಟಿ ಬಂದ್ ಮಾಡ್ಲೇನು?"

ದೌಲಪ್ಪ ಮೆಟ್ಟಿದ್ದ ಒಂದು ಚಪ್ಪಲಿಯನ್ನೂ ಕಳಚಿದ. ಬಂಡಮ್ಮ ಅಂಗಳದ ಉದ್ದಕ್ಕೂ ಎರಡು ಸಲ ಓಡಾಡಿದಳು. "ಜಾಳಿಗೀಗಿ ಆ ಮೂಲ್ಯಾಗ ಒಂದು ಕಿಂಡಿ ಬಿಡಮು. ಆಕಳ ಮಾರಿ ಒಳಗ ಬರಬೇಕು, ಬಾಯಿ ಬಾಳಿಗಿ ಮುಟ್ಟಬಾರದು."

ಅಂಗಳ ಸಣ್ಣದು, ಆಕಳ ಕುತ್ತಿಗೆ ಎಷ್ಟು ಉದ್ದವೋ ಯಾರಿಗೆ ಗೊತ್ತು? ಮರುದಿನ ಮುಂಜಾನೆ ಬಂಡಮ್ಮ ರೊಟ್ಟಿ ಹಿಡಿದು ಆಕಳ ಕುತ್ತಿಗೆ ಚಾಚಿಸಿದಳು. ಜಾಹೇದಾ ಅದರ ಹೆಗಲ ಹತ್ತಿರ ಟೇಪಿನ ಒಂದು ತುದಿ ಹಿಡಿದಳು, ದೌಲಪ್ಪ ಮೂತಿಯ ಹತ್ತಿರ ಇನ್ನೊಂದು. ಆಕಳು ರೊಟ್ಟಿ ಬಿಟ್ಟು ಅವನ ಕಿವಿ ನೆಕ್ಕಿತು.

"ಅಳತಿ ಬರಕೋರಿ!"

"ಮೊದಲು ಕಿವಿ ಒರಸ್ಕೋಲಾಕ ಬಿಡು ಮಾರಾಯ್ತಿ!"

ನಾಲ್ಕನೇ ದಿನ ಜಾಳಿಗೆ ನಿಂತಿತು, ಮೂಲೆಯಲ್ಲಿ ಕಿಂಡಿಯೂ ಆಯಿತು. ಮುಂಜಾನೆ ಕೆಂದಾಕಳು ಬಂತು, ಕಿಂಡಿಯೊಳಗೆ ಮಾರಿ ಹಾಕಿ ರೊಟ್ಟಿ ತಿಂದಿತು. ಆಮೇಲೆ ಬಾಳೆಯ ಕಡೆ ಕುತ್ತಿಗೆ ಚಾಚಿ ನಾಲಿಗೆಯನ್ನೂ ಹಿರಿಯಿತು. ಒಂದು ಗೇಣು ಕಡಿಮೆ ಬಿತ್ತು.

"ಪಾಸಾದ್ರಿ ಅಕ್ಕಾ!" ಅಂದಳು ಜಾಹೇದಾ ಜಾಳಿಗೆಯ ಆಚೆಯಿಂದ.

ಒಳಗೆ ಹಂಚು ಹೊಗೆಯಾಡುತ್ತಿತ್ತು. ಬಂಡಮ್ಮ ಓಡಿ ಹೋಗಿ ಉರಿ ಸಣ್ಣ ಮಾಡಿದಳು, ಕೈಗೆ ಜೋಳದ ಹಿಟ್ಟು ಹಚ್ಚಿಕೊಂಡು ಎರಡನೇ ರೊಟ್ಟಿ ಬಡಿಯತೊಡಗಿದಳು.